ಹ್ಯಾಫ್‌ಕಿನ್ ಅವರ ಬದುಕು ಮತ್ತು ಕೋಶರಚನೆಯ ಪಾಠ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಶಾಲೆಗಳಲ್ಲಿ ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ನಾನು ವಾಲ್ಡೆಮಾರ್ ಹ್ಯಾಫ್‌ಕಿನ್ ಅವರ ಜೀವನವನ್ನು ಓದಲು ಹೇಳುತ್ತೇನೆ. ಪ್ರೊಕ್ಯಾರಿಯೋಟಿಕ್, ಯೂಕ್ಯಾರಿಯೋಟಿಕ್ ಎಂದು ವ್ಯತ್ಯಾಸದ ಪಟ್ಟಿ ಬರೆಸುವುದು ಸುಲಭ. ಕೋಶದ ರಚನೆ ತಿಳಿದರೆ ಆಗುವುದೇನು ಎಂಬುದಕ್ಕೆ ಈ ಬದುಕೇ ಉದಾಹರಣೆ.

ಹ್ಯಾಫ್‌ಕಿನ್ 1860ರಲ್ಲಿ ಒಡೆಸ್ಸಾದಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿದರು. ಮೆಚ್ನಿಕಾಫ್ ಅವರ ಶಿಷ್ಯರಾಗಿ ಮೊದಲು ಅಭ್ಯಾಸ ಮಾಡಿದ್ದು ಯುಗ್ಲೀನಾದಂಥ ಏಕಕೋಶ ಜೀವಿಗಳನ್ನು. ಯುಗ್ಲೀನಾದಲ್ಲಿ ಪೊರೆಯುಳ್ಳ ಕೋಶಕೇಂದ್ರ, ಮೈಟೋಕಾಂಡ್ರಿಯಾ, ಕ್ಲೋರೋಪ್ಲಾಸ್ಟ್ ಎಲ್ಲವೂ ಇವೆ. 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬ್ಯಾಕ್ಟೀರಿಯಾಗಳತ್ತ ತಿರುಗಿದರು. ಇವುಗಳಲ್ಲಿ ಕೋಶಕೇಂದ್ರವಿಲ್ಲ, ಡಿಎನ್‌ಎ ಕೋಶರಸದಲ್ಲೇ ಇರುತ್ತದೆ. 1892ರಲ್ಲಿ ಕಾಲರಾ ಲಸಿಕೆಯನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು, ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಹ್ಯಾಫ್‌ಕಿನ್ ಪ್ಲೇಗಿನ ಬ್ಯಾಕ್ಟೀರಿಯಾವನ್ನು ತುಪ್ಪದ ಹನಿ ಹಾಕಿದ ಮಾಂಸದ ಸಾರಿನಲ್ಲಿ ಬೆಳೆಸಿ, ಕಾಯಿಸಿ ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಮೊದಲು ತಾವೇ ಚುಚ್ಚಿಸಿಕೊಂಡರು. ಕೋಶ ಸತ್ತರೂ ಅದರ ಹೊರಮೈಯ ಅಂಶಗಳು ಉಳಿಯುತ್ತವೆ; ದೇಹ ಅವನ್ನು ಗುರುತಿಸಿ ರೋಗವನ್ನು ಎದುರಿಸಲು ಸಜ್ಜಾಗುತ್ತದೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಪಡೆದರು. ನಮ್ಮ ಮೂರೂ ಊರುಗಳು ಆಗ ಅದೇ ಧಾರವಾಡ ಜಿಲ್ಲೆಯಲ್ಲಿದ್ದವು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಧನುರ್ವಾಯುವಿನ ಬ್ಯಾಕ್ಟೀರಿಯಾ ತನ್ನೊಳಗೆ ದಪ್ಪ ಕವಚದ ಬೀಜಕವನ್ನು ಕಟ್ಟಿಕೊಳ್ಳುತ್ತದೆ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಾಖಕ್ಕೆ ಅದು ಸಾಯುವುದಿಲ್ಲ. ಹಾಗಾಗಿ ದೋಷ ಪ್ರಯೋಗಾಲಯದ್ದೇ ಎಂದು ವಿಚಾರಣಾ ಆಯೋಗ ತೀರ್ಮಾನಿಸಿತು; ಹ್ಯಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆದರೆ ಅಲ್ಲಿಯೇ ಬೀಜಕ ಸೇರಿದ್ದರೆ ಅದು ವಾರಗಟ್ಟಲೆ ಬೆಳೆದು ಶೀಸೆ ನಾರಬೇಕಿತ್ತು. ತೆರೆದಾಗ ವಾಸನೆ ಇರಲಿಲ್ಲ. ಶೀಸೆ ತೆರೆಯುವಾಗ ಬಳಸಿದ ಚಿಮಟ ನೆಲಕ್ಕೆ ಬಿದ್ದಿತ್ತೆಂಬ ಸಾಕ್ಷ್ಯವೂ ಇತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರ ನಿಂತರು. 1907ರಲ್ಲಿ ಹ್ಯಾಫ್‌ಕಿನ್ ದೋಷಮುಕ್ತರಾದರು. 1925ರಲ್ಲಿ ಮುಂಬಯಿಯ ಸಂಸ್ಥೆಗೆ ಅವರ ಹೆಸರಿಡಲಾಯಿತು. 1930ರಲ್ಲಿ ಲೌಸಾನ್‌ನಲ್ಲಿ ನಿಧನರಾದರು.

ಪಾಠ ಮಾಡುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಬ್ಯಾಡಗಿಯ ಮಕ್ಕಳಿಗೆ ತೇವ ಹಿಡಿದ ಮೆಣಸಿನಕಾಯಿಯ ಬೂಷ್ಟು ಗೊತ್ತು. ಬೂಷ್ಟು ಶಿಲೀಂಧ್ರ, ಅಂದರೆ ಕೋಶಕೇಂದ್ರವುಳ್ಳ ಜೀವಿ; ಅದರ ಬೀಜಕಗಳು ಸಂತಾನ ಹೆಚ್ಚಿಸಲು. ಬ್ಯಾಕ್ಟೀರಿಯಾದಲ್ಲಿ ಒಂದು ಕೋಶಕ್ಕೆ ಒಂದೇ ಬೀಜಕ. ಅದು ಜೀವ ಉಳಿಸಿಕೊಳ್ಳಲು ಮಾತ್ರ. ಹೆಸರು ಒಂದೇ ಆದ್ದರಿಂದ ಮಕ್ಕಳು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಯುಗ್ಲೀನಾ, ಪ್ಲೇಗು, ಧನುರ್ವಾಯು ಮೂರರ ಕೋಶಗಳನ್ನೂ ಪಕ್ಕಪಕ್ಕದಲ್ಲಿ ಬರೆಸಿ, ಕಾಯಿಸಿದಾಗ ಯಾವುದು ಉಳಿಯುತ್ತದೆ, ಏಕೆ ಎಂದು ಕೇಳಿ. ಉತ್ತರವನ್ನು ಅವರು ಚಿತ್ರದಲ್ಲೇ ಹುಡುಕಲಿ.