ಶುಶ್ರೂಷಾ ಶಿಕ್ಷಣಕ್ಕೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ (1820–1910)

ಆಧುನಿಕ ಶುಶ್ರೂಷಾ ಶಿಕ್ಷಣದ ಸ್ಥಾಪಕಿ ಎಂದು ಗೌರವಿಸಲ್ಪಡುವ ಫ್ಲಾರೆನ್ಸ್ ನೈಟಿಂಗೇಲ್‌ರವರು ದಿನಾಂಕ 12-5-1820ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಕುಟುಂಬವೊಂದರಲ್ಲಿ ಜನಿಸಿದರು. ಹುಟ್ಟಿದ ಊರಿನ ಹೆಸರನ್ನೇ ಅವರಿಗೆ ಇಡಲಾಯಿತು. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್‌ರವರು ಮಗಳಿಗೆ ಗ್ರೀಕ್, ಲ್ಯಾಟಿನ್ ಹಾಗೂ ಇತಿಹಾಸವನ್ನು ಮನೆಯಲ್ಲಿಯೇ ಕಲಿಸಿದರು. ಗಣಿತದಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು.

ತರಬೇತಿಗಾಗಿ ಹೋರಾಟ

ಆ ಕಾಲದಲ್ಲಿ ದಾದಿಯರ ಕೆಲಸಕ್ಕೆ ಸಮಾಜದಲ್ಲಿ ಗೌರವವಿರಲಿಲ್ಲ. 1845ರಲ್ಲಿ ಆಸ್ಪತ್ರೆಯೊಂದರಲ್ಲಿ ಕೆಲಸ ಕಲಿಯಲು ಅವರು ಇಚ್ಛಿಸಿದಾಗ ಕುಟುಂಬದವರು ಒಪ್ಪಲಿಲ್ಲ. ಆರು ವರ್ಷಗಳ ನಂತರ, 1851ರಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್‌ನ ಸೇವಾ ಸಂಸ್ಥೆಯಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆಯಲು ಅವರಿಗೆ ಸಾಧ್ಯವಾಯಿತು. 1853ರಲ್ಲಿ ಲಂಡನ್ನಿನ ಮಹಿಳಾ ಚಿಕಿತ್ಸಾಲಯವೊಂದರ ಮೇಲ್ವಿಚಾರಕಿಯಾಗಿ ಅಧಿಕಾರ ವಹಿಸಿಕೊಂಡರು.

ಕ್ರಿಮಿಯಾ ಯುದ್ಧದ ಪಾಠ

ಬ್ರಿಟಿಷ್ ಸಚಿವ ಸಿಡ್ನಿ ಹರ್ಬರ್ಟ್‌ರವರ ಕೋರಿಕೆಯಂತೆ, 38 ಮಂದಿ ಶುಶ್ರೂಷಕಿಯರೊಂದಿಗೆ 1854ರ ನವೆಂಬರ್‌ನಲ್ಲಿ ಅವರು ಟರ್ಕಿಯ ಸ್ಕುಟಾರಿಯಲ್ಲಿದ್ದ ಸೈನಿಕ ಆಸ್ಪತ್ರೆಯನ್ನು ತಲುಪಿದರು. ಅಲ್ಲಿ ಗಾಯಗಳಿಗಿಂತ ಭೇದಿ, ಕಾಲರಾ ಮುಂತಾದ ರೋಗಗಳಿಂದ ಸಾಯುತ್ತಿದ್ದವರೇ ಹೆಚ್ಚು. ಆಹಾರ, ಬಟ್ಟೆ ಹಾಗೂ ಶುಚಿತ್ವದ ವ್ಯವಸ್ಥೆಯನ್ನು ಅವರು ಸರಿಪಡಿಸಿದರೂ ಆ ಚಳಿಗಾಲದಲ್ಲಿ ಸಾವುಗಳು ನಿಲ್ಲಲಿಲ್ಲ. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಸ್ವಚ್ಛಗೊಳಿಸಿ ಗಾಳಿ ಬೆಳಕಿಗೆ ಅನುಕೂಲ ಕಲ್ಪಿಸಿದ ನಂತರವೇ ಮರಣ ಪ್ರಮಾಣವು ತೀವ್ರವಾಗಿ ಇಳಿಯಿತು.

ಯುದ್ಧಾನಂತರ ಅಂಕಿ ಅಂಶಗಳನ್ನು ಪರಿಶೀಲಿಸಿದಾಗ ಈ ಸಂಗತಿಯು ಅವರಿಗೆ ಮನವರಿಕೆಯಾಯಿತು. ಕರುಣೆಯೊಂದೇ ರೋಗಿಯನ್ನು ಉಳಿಸಲಾರದು, ಅದರೊಂದಿಗೆ ಶಾಸ್ತ್ರೀಯ ತಿಳಿವಳಿಕೆಯೂ ಬೇಕು ಎಂಬುದು ಅವರ ಮುಂದಿನ ಕಾರ್ಯಕ್ಕೆ ಆಧಾರವಾಯಿತು.

ತರಬೇತಿ ಶಾಲೆಯ ಸ್ಥಾಪನೆ

ಅವರ ಸೇವೆಯನ್ನು ಮೆಚ್ಚಿದ ಸಾರ್ವಜನಿಕರು 1855ರಿಂದ ನೀಡಿದ ವಂತಿಗೆಯು ಸುಮಾರು 45,000 ಪೌಂಡ್‌ಗಳಷ್ಟಾಯಿತು. ಈ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ತರಬೇತಿ ಶಾಲೆಯನ್ನು ಪ್ರಾರಂಭಿಸಲಾಯಿತು. ಮೊದಲ ತಂಡದಲ್ಲಿ 15 ಅಭ್ಯರ್ಥಿಗಳಿದ್ದರು. ಒಂದು ವರ್ಷದ ತರಬೇತಿ ಅವಧಿಯಲ್ಲಿ ಅವರಿಗೆ ಊಟ, ವಸತಿ, ಸಮವಸ್ತ್ರ ಹಾಗೂ 10 ಪೌಂಡ್ ಭತ್ಯೆ ನೀಡಲಾಗುತ್ತಿತ್ತು. ಪ್ರತಿಯೊಬ್ಬರ ನಡತೆ ಮತ್ತು ಕಾರ್ಯಕುಶಲತೆಯನ್ನು ಮೇಟ್ರನ್ ಸಾರಾ ವಾರ್ಡ್ರೋಪರ್‌ರವರು ಪ್ರತಿ ತಿಂಗಳು ನಿಗದಿತ ನಮೂನೆಯಲ್ಲಿ ದಾಖಲಿಸಬೇಕಾಗಿತ್ತು.

ಅನಾರೋಗ್ಯದ ಕಾರಣ ನೈಟಿಂಗೇಲ್‌ರವರು ಸ್ವತಃ ಪಾಠ ಮಾಡಲಿಲ್ಲ. 1857ರ ನಂತರ ಅವರ ಬಹುತೇಕ ಕಾರ್ಯವೆಲ್ಲ ಕೋಣೆಯಲ್ಲಿಯೇ, ಪತ್ರ ಹಾಗೂ ವರದಿಗಳ ಮೂಲಕ ನಡೆಯಿತು. 1863ರ ಆಸ್ಪತ್ರೆ ನಿರ್ಮಾಣದ ಕುರಿತ ಗ್ರಂಥದಲ್ಲಿ, ಶಸ್ತ್ರಚಿಕಿತ್ಸೆಯಾದ ರೋಗಿಗಳು ಚೇತರಿಸಿಕೊಳ್ಳುವವರೆಗೆ ಇರುವ ಪ್ರತ್ಯೇಕ ಕೋಣೆಗಳ ಪ್ರಸ್ತಾಪವಿದೆ. ಇಂದಿನ ತೀವ್ರ ನಿಗಾ ಘಟಕಗಳ ಹಿಂದಿನ ವಿಚಾರದ ಆರಂಭಿಕ ರೂಪಗಳಲ್ಲಿ ಇದೂ ಒಂದು ಎನ್ನಬಹುದು.

ಸ್ವಂತ ಶಾಲೆಯ ತಪಾಸಣೆ

ಶಾಲೆ ಪ್ರಾರಂಭವಾಗಿ ಸುಮಾರು ಹನ್ನೆರಡು ವರ್ಷಗಳ ನಂತರ ಅವರು ಅದರ ಕಾರ್ಯವೈಖರಿಯನ್ನು ಕೂಲಂಕಷವಾಗಿ ವಿಚಾರಿಸಿದಾಗ ಗಂಭೀರ ಲೋಪಗಳು ಬೆಳಕಿಗೆ ಬಂದವು. ವಿದ್ಯಾರ್ಥಿನಿಯರನ್ನು ವಾರ್ಡ್‌ಗಳಲ್ಲಿ ಕೆಲಸದಾಳುಗಳಂತೆ ದುಡಿಸಲಾಗುತ್ತಿತ್ತು. ಉಪನ್ಯಾಸಗಳು ಕ್ರಮವಾಗಿ ನಡೆಯುತ್ತಿರಲಿಲ್ಲ. ತಮ್ಮ ಹೆಸರನ್ನೇ ಹೊತ್ತಿದ್ದ ಸಂಸ್ಥೆಯ ಲೋಪವನ್ನು ಅವರು ಮುಚ್ಚಿಡಲಿಲ್ಲ. ಬೋಧನೆಗೆ ವೈದ್ಯ ಜಾನ್ ಕ್ರಾಫ್ಟ್‌ರವರನ್ನು ನೇಮಿಸಲಾಯಿತು. ವಿದ್ಯಾರ್ಥಿನಿಯರ ವ್ಯಾಸಂಗವನ್ನು ನೋಡಿಕೊಳ್ಳಲು ಪ್ರತ್ಯೇಕ ನಿಲಯ ಮೇಲ್ವಿಚಾರಕಿಯ ಹುದ್ದೆಯನ್ನು ಸೃಜಿಸಲಾಯಿತು. 1872ರಿಂದ ಅವರು ವಿದ್ಯಾರ್ಥಿನಿಯರನ್ನು ಉದ್ದೇಶಿಸಿ ಪತ್ರಗಳನ್ನು ಬರೆಯತೊಡಗಿದರು ಮತ್ತು ಅನೇಕರನ್ನು ಮನೆಗೆ ಕರೆಸಿ ಅವರ ಕಲಿಕೆಯನ್ನು ವಿಚಾರಿಸಿದರು.

ಇಲ್ಲಿ ತರಬೇತಿ ಪಡೆದವರು ಇತರೆಡೆಗಳಲ್ಲಿಯೂ ಶುಶ್ರೂಷಾ ವ್ಯವಸ್ಥೆಯನ್ನು ರೂಪಿಸಿದರು. 1868ರಲ್ಲಿ ಲೂಸಿ ಆಸ್ಬರ್ನ್‌ರವರು ಐವರು ಶುಶ್ರೂಷಕಿಯರೊಂದಿಗೆ ಆಸ್ಟ್ರೇಲಿಯಾದ ಸಿಡ್ನಿಯನ್ನು ತಲುಪಿದರು.

ನೋಂದಣಿಯ ಪ್ರಶ್ನೆ

1880ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಶುಶ್ರೂಷಕಿಯರ ನೋಂದಣಿಗೆ ಬೇಡಿಕೆ ಬಂದಾಗ ನೈಟಿಂಗೇಲ್‌ರವರು ಅದನ್ನು ವಿರೋಧಿಸಿದರು. ಪರೀಕ್ಷೆ ಮತ್ತು ಪಟ್ಟಿಯಿಂದ ಒಬ್ಬರ ನಡತೆಯನ್ನಾಗಲಿ, ಸೇವಾ ಗುಣವನ್ನಾಗಲಿ ಅಳೆಯಲಾಗದು ಎಂಬುದು ಅವರ ಅಭಿಪ್ರಾಯವಾಗಿತ್ತು. ಆದರೆ ತರಬೇತಿ ಪಡೆದವರು ಯಾರು, ಪಡೆಯದವರು ಯಾರು ಎಂದು ರೋಗಿಗಳಿಗೆ ತಿಳಿಯುವುದು ಸುಲಭವಿರಲಿಲ್ಲ. ಅವರ ನಿಧನದ ನಂತರ 1919ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿ ಕಾಯ್ದೆ ಜಾರಿಗೆ ಬಂದಿತು. ಭಾರತದಲ್ಲಿ ಶುಶ್ರೂಷಾ ಶಿಕ್ಷಣಕ್ಕೆ ಏಕರೂಪದ ಮಟ್ಟವನ್ನು ನಿಗದಿಪಡಿಸಲು 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆಯನ್ನು ತರಲಾಯಿತು. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು.

ಗೌರವ ಹಾಗೂ ಸ್ಮರಣೆ

1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಪ್ರಥಮ ಮಹಿಳೆಯಾದ ನೈಟಿಂಗೇಲ್‌ರವರು ದಿನಾಂಕ 13-8-1910ರಂದು, ತಮ್ಮ 90ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ನಿಧನರಾದರು. ಅವರ ಜನ್ಮದಿನವಾದ ಮೇ 12ನ್ನು ಅಂತರರಾಷ್ಟ್ರೀಯ ಶುಶ್ರೂಷಕರ ದಿನವನ್ನಾಗಿ ಆಚರಿಸಲಾಗುತ್ತದೆ. ಭಾರತ ಸರ್ಕಾರವು 1973ರಲ್ಲಿ ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಿತು.

ನೋಂದಣಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಒದಗಿಸುವ ತರಬೇತಿಯ ದಾಖಲೆಗಳು ಕೇವಲ ಕಚೇರಿಯ ಔಪಚಾರಿಕತೆಯಲ್ಲ. ತಮ್ಮನ್ನು ನೋಡಿಕೊಳ್ಳುವವರು ಕ್ರಮಬದ್ಧವಾಗಿ ಕಲಿತವರೆಂದು ರೋಗಿಗಳಿಗೆ ದೊರೆಯುವ ಭರವಸೆ ಅವುಗಳಲ್ಲಿದೆ. ಪ್ರಮಾಣಪತ್ರ ಪಡೆದ ಬಳಿಕವೂ ಕಲಿಕೆ ಮತ್ತು ನಡತೆಯ ಹೊಣೆ ಮುಂದುವರಿಯುತ್ತದೆ ಎಂಬುದು ನೈಟಿಂಗೇಲ್‌ರವರ ಜೀವನದಿಂದ ತಿಳಿದುಬರುತ್ತದೆ.