ಸರ್ ಮಿರ್ಜಾ ಇಸ್ಮಾಯಿಲ್ ಮತ್ತು ಕಂಬದ ಮೇಲಿನ ಪಿಂಗಾಣಿ

ಸರ್ ಮಿರ್ಜಾ ಇಸ್ಮಾಯಿಲ್ ಅವರು 1883ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಅವರ ಅಜ್ಜ ಪರ್ಷಿಯಾದಿಂದ ಬಂದ ಕುದುರೆ ವ್ಯಾಪಾರಿ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದ ಮಿರ್ಜಾ ಅವರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ನಮ್ಮ ಶಿಕಾರಿಪುರ, ಸೊರಬಗಳೂ ಆಗ ಅದೇ ಸಂಸ್ಥಾನದಲ್ಲಿದ್ದವು.

ಹಳ್ಳಿಗಳಿಗೂ ವಿದ್ಯುತ್ ಮುಟ್ಟಿಸುವ ಕೆಲಸ ಅವರ ಕಾಲದಲ್ಲಿ ಚುರುಕಾಯಿತು. ಅದಕ್ಕೆ ಕಂಬ, ತಂತಿ ಇದ್ದರೆ ಸಾಲದು. ಕರೆಂಟ್ ಕಂಬಕ್ಕೆ ಹರಿಯದಂತೆ ತಡೆಯುವ ಪಿಂಗಾಣಿ ಇನ್ಸುಲೇಟರ್ ಬೇಕು. ಅವರು ದಿವಾನರಾಗಿದ್ದಾಗಲೇ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಶುರುವಾಯಿತು.

ಪಿಂಗಾಣಿಗೆ ಜೇಡಿಮಣ್ಣು, ಬೆಣಚುಕಲ್ಲು, ಫೆಲ್ಡ್‌ಸ್ಪಾರ್‌ಗಳ ನುಣ್ಣನೆಯ ಪುಡಿ ಬೇಕು. ಒತ್ತಿದಾಗ ಕಣಗಳು ಹತ್ತಿರವಾಗಿ ನಡುವಿನ ಗಾಳಿ ಹೊರಹೋಗುತ್ತದೆ. ಆದರೆ ಒತ್ತಡದಿಂದಲೇ ಸಂದುಗಳೆಲ್ಲ ಮುಚ್ಚುವುದಿಲ್ಲ. ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಫೆಲ್ಡ್‌ಸ್ಪಾರ್ ಕರಗಿ ಸಂದುಗಳನ್ನು ತುಂಬುತ್ತದೆ. ವಸ್ತು ಕುಗ್ಗಿ ಗಟ್ಟಿಯಾಗುತ್ತದೆ. ಶಾಖ ಹೆಚ್ಚಾದರೆ ಸೊಟ್ಟಗಾಗುತ್ತದೆ. ಕಡಿಮೆಯಾದರೆ ಸಂದು ಉಳಿದು ನೀರು ಹೀರುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಅಂಥ ಇನ್ಸುಲೇಟರ್ ಪ್ರಾಣಕ್ಕೇ ಅಪಾಯ.

ಮಿರ್ಜಾ ಅವರು 1959ರಲ್ಲಿ ತೀರಿಕೊಂಡರು. ಆ ಕಾರ್ಖಾನೆ ಮುಂದೆ ಬಿಎಚ್‌ಇಎಲ್‌ಗೆ ಸೇರಿತು. ಉದ್ಯಾನ, ದೀಪಗಳಿಗಾಗಿ ಜನ ಅವರನ್ನು ನೆನೆಯುತ್ತಾರೆ. ಕಾಮರ್ಸ್ ಓದುವ ನನಗೆ ಈ ಕಾರ್ಖಾನೆಯೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ: ದೀಪ ಉರಿಯಲು ಬೇಕಾದ ಸಾಮಾನನ್ನೂ ನಮ್ಮಲ್ಲೇ ಮಾಡಿದರೆ ಹಣವೂ ಕೆಲಸವೂ ನಮ್ಮಲ್ಲೇ ಉಳಿಯುತ್ತವೆ.