ಜೇಮ್ಸ್ ಮ್ಯಾಡಿಸನ್ ಮತ್ತು ಬಹುಮತದ ಮಿತಿ

ಅಮೆರಿಕದ ಪ್ರಜಾಪ್ರಭುತ್ವದ ಮಾತು ಬಂದಾಗ ವಾಷಿಂಗ್ಟನ್, ಜೆಫರ್ಸನ್, ಲಿಂಕನ್ ಅವರ ಹೆಸರುಗಳು ಮೊದಲು ನೆನಪಿಗೆ ಬರುವುದು ಸಹಜ. ಆದರೆ ಆ ಪ್ರಜಾಪ್ರಭುತ್ವಕ್ಕೆ ಆಧಾರವಾದ ಸಂವಿಧಾನದ ಚೌಕಟ್ಟನ್ನು ರೂಪಿಸುವಲ್ಲಿ ಅತಿ ಹೆಚ್ಚು ಶ್ರಮಿಸಿದವರಲ್ಲಿ ಜೇಮ್ಸ್ ಮ್ಯಾಡಿಸನ್ ಅಗ್ರಗಣ್ಯನು. ಅಧಿಕಾರವನ್ನು ರಾಜನಿಂದ ಕಿತ್ತು ಜನರ ಕೈಗೆ ಕೊಟ್ಟರೆ ಸ್ವಾತಂತ್ರ್ಯ ತಾನಾಗಿಯೇ ಉಳಿಯುತ್ತದೆಂದು ಅವನ ಕಾಲದ ಹಲವರು ನಂಬಿದ್ದರು. ಜನರ ಬಹುಮತವೂ ದಬ್ಬಾಳಿಕೆ ನಡೆಸಬಲ್ಲದು, ಆದಕಾರಣ ಪ್ರಜಾಪ್ರಭುತ್ವಕ್ಕೂ ಅಂಕುಶ ಅಗತ್ಯ ಎಂಬುದು ಮ್ಯಾಡಿಸನ್ನನ ನಿಲುವು. ಅವನ ಬದುಕಿನ ಸಾಧನೆ ಹಾಗೂ ಸೋಲು ಎರಡನ್ನೂ ಈ ನಿಲುವಿನ ಬೆಳಕಿನಲ್ಲಿಯೇ ನೋಡಬೇಕಾಗುತ್ತದೆ.

ಮ್ಯಾಡಿಸನ್ 1751ರ ಮಾರ್ಚ್ 16ರಂದು ವರ್ಜೀನಿಯಾದ ಪೋರ್ಟ್ ಕಾನ್ವೇಯಲ್ಲಿ ಜನಿಸಿದನು. ಹನ್ನೆರಡು ಮಕ್ಕಳಲ್ಲಿ ಅವನೇ ಹಿರಿಯ. ತಂದೆ ಆರೆಂಜ್ ಕೌಂಟಿಯ ದೊಡ್ಡ ಜಮೀನುದಾರ. ಹೊಗೆಸೊಪ್ಪಿನ ಬೇಸಾಯವೂ ಗುಲಾಮರ ದುಡಿಮೆಯೂ ಆ ಮನೆತನದ ಸಂಪತ್ತಿಗೆ ಮೂಲವಾಗಿದ್ದವು. ಗಿಡ್ಡ ನಿಲುವು, ಕೃಶ ಶರೀರ, ಮೆಲುದನಿ, ಆಗಾಗ ಕಾಡುವ ಅನಾರೋಗ್ಯ. ಇವುಗಳಿಂದಾಗಿ ಅವನು ಸೈನಿಕನಾಗಲಿಲ್ಲ, ಜನಸಮೂಹವನ್ನು ಸೆಳೆಯುವ ವಾಗ್ಮಿಯೂ ಆಗಲಿಲ್ಲ. ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವೆಂದು ಹೆಸರಾದ ಕಾಲೇಜಿನಲ್ಲಿ ಜಾನ್ ವಿದರ್‌ಸ್ಪೂನ್ ಎಂಬ ವಿದ್ವಾಂಸನ ಮಾರ್ಗದರ್ಶನದಲ್ಲಿ ಓದಿ 1771ರಲ್ಲಿ ಪದವಿ ಪಡೆದನು. ಅಧ್ಯಯನವೇ ಅವನ ನಿಜವಾದ ಬಲವಾಯಿತು.

ಅವನನ್ನು ಸಾರ್ವಜನಿಕ ಜೀವನದತ್ತ ಸೆಳೆದದ್ದು ಧಾರ್ಮಿಕ ಸ್ವಾತಂತ್ರ್ಯದ ಪ್ರಶ್ನೆ. ಆಂಗ್ಲಿಕನ್ ಚರ್ಚು ಅಧಿಕೃತವಾಗಿದ್ದ ವರ್ಜೀನಿಯಾದಲ್ಲಿ ಅಪ್ಪಣೆಯಿಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟ್ ಬೋಧಕರನ್ನು ಸೆರೆಗೆ ಹಾಕಲಾಗುತ್ತಿತ್ತು. ತಾನು ಆ ಪಂಥದವನಲ್ಲದಿದ್ದರೂ ಮ್ಯಾಡಿಸನ್ ಇದರಿಂದ ಕೆರಳಿದನು. 1776ರಲ್ಲಿ ಜಾರ್ಜ್ ಮೇಸನ್ ಸಿದ್ಧಪಡಿಸಿದ ವರ್ಜೀನಿಯಾದ ಹಕ್ಕುಗಳ ಘೋಷಣೆಯ ಕರಡಿನಲ್ಲಿ ಧಾರ್ಮಿಕ ಸಹಿಷ್ಣುತೆಯ ಪ್ರಸ್ತಾಪವಿತ್ತು. ಸಹಿಷ್ಣುತೆಯೆಂದರೆ ಬಲಾಢ್ಯರು ತೋರುವ ಔದಾರ್ಯ. ಕೊಟ್ಟವರು ಅದನ್ನು ಮರಳಿ ಕಸಿದುಕೊಳ್ಳಲೂಬಹುದು. ಇಪ್ಪತ್ತೈದು ವರ್ಷದ ಮ್ಯಾಡಿಸನ್ ಆ ಭಾಗವನ್ನು ತಿದ್ದಿಸಿ, ತಮ್ಮ ಅಂತಃಸಾಕ್ಷಿಗೆ ಅನುಸಾರವಾಗಿ ಧರ್ಮವನ್ನು ಆಚರಿಸುವುದು ಎಲ್ಲರ ಸಮಾನ ಹಕ್ಕೆಂಬ ಅರ್ಥ ಬರುವಂತೆ ಮಾಡಿದನು. ಕ್ರೈಸ್ತ ಬೋಧಕರ ಪೋಷಣೆಗಾಗಿ ತೆರಿಗೆ ವಿಧಿಸುವ ಪ್ರಸ್ತಾವ ಬಂದಾಗ 1785ರಲ್ಲಿ ಅದನ್ನು ವಿರೋಧಿಸಿ ಮನವಿಪತ್ರವೊಂದನ್ನು ರಚಿಸಿದನು. ಆ ಪ್ರಸ್ತಾವ ಬಿದ್ದುಹೋಯಿತು. ಮರುವರ್ಷ ಜೆಫರ್ಸನ್ ರಚಿಸಿದ್ದ ಧಾರ್ಮಿಕ ಸ್ವಾತಂತ್ರ್ಯದ ಶಾಸನ ಅಂಗೀಕೃತವಾಯಿತು.

1781ರಲ್ಲಿ ಜಾರಿಗೆ ಬಂದ ಮೊದಲ ಒಕ್ಕೂಟ ವ್ಯವಸ್ಥೆಯಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಶಾಸನಸಭೆಗಳಾದರೋ ತಮ್ಮ ಬಹುಮತಕ್ಕೆ ತೋಚಿದಂತೆ ಕಾನೂನು ಮಾಡುತ್ತಿದ್ದವು. ಜೆಫರ್ಸನ್ ಪ್ಯಾರಿಸ್ಸಿನಿಂದ ಕಳಿಸಿದ ಗ್ರಂಥಗಳ ನೆರವಿನಿಂದ ಮ್ಯಾಡಿಸನ್ ಪ್ರಾಚೀನ ಗ್ರೀಸಿನಿಂದ ಹಾಲೆಂಡಿನವರೆಗಿನ ಒಕ್ಕೂಟಗಳು ಏಕೆ ದುರ್ಬಲವಾದವು ಎಂಬುದನ್ನು ಅಭ್ಯಸಿಸಿದನು. 1787ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಫಿಲಡೆಲ್ಫಿಯಾದಲ್ಲಿ ನಡೆದ ಸಂವಿಧಾನ ಸಭೆಯಲ್ಲಿ ಒಟ್ಟು 55 ಪ್ರತಿನಿಧಿಗಳು ಭಾಗವಹಿಸಿದರು. ಅಲ್ಲಿ ಚರ್ಚೆಗೆ ತಳಹದಿಯಾದ ವರ್ಜೀನಿಯಾ ಯೋಜನೆ ಬಹುಪಾಲು ಮ್ಯಾಡಿಸನ್ನನ ಚಿಂತನೆಯ ಫಲ. ಆದರೂ ಅವನು ಬಯಸಿದ್ದೆಲ್ಲ ಕೈಗೂಡಲಿಲ್ಲ. ಎರಡೂ ಸದನಗಳಲ್ಲಿ ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯವಿರಬೇಕೆಂಬ ಅವನ ವಾದ ಸೋತು, ಸೆನೆಟ್ಟಿನಲ್ಲಿ ಎಲ್ಲ ರಾಜ್ಯಗಳಿಗೂ ಸಮಾನ ಸ್ಥಾನ ದೊರೆಯಿತು. ರಾಜ್ಯಗಳ ಕಾನೂನನ್ನು ಕೇಂದ್ರ ತಡೆಹಿಡಿಯಬೇಕೆಂಬ ಸಲಹೆಯೂ ತಿರಸ್ಕೃತವಾಯಿತು. ಸೋಲಿನಿಂದ ವಿಮುಖನಾಗದೆ ಅವನು ಆ ಸಂವಿಧಾನದ ಪ್ರಬಲ ಸಮರ್ಥಕನಾದನು.

ಹ್ಯಾಮಿಲ್ಟನ್ ಮತ್ತು ಜೇ ಅವರೊಡನೆ ಸೇರಿ ಬರೆದ 85 ಫೆಡರಲಿಸ್ಟ್ ಪ್ರಬಂಧಗಳಲ್ಲಿ ಮ್ಯಾಡಿಸನ್ನನ ಪಾಲಿನ ಹತ್ತನೆಯ ಮತ್ತು ಐವತ್ತೊಂದನೆಯ ಪ್ರಬಂಧಗಳು ಅವನ ತತ್ತ್ವದ ತಿರುಳನ್ನು ಒಳಗೊಂಡಿವೆ. ಗಣರಾಜ್ಯ ಚಿಕ್ಕ ನಾಡಿನಲ್ಲಿ ಮಾತ್ರ ಬಾಳಬಲ್ಲದೆಂಬುದು ಮಾಂಟೆಸ್ಕ್ಯೂನ ಕಾಲದಿಂದ ಬಂದ ನಂಬಿಕೆ. ಮ್ಯಾಡಿಸನ್ ಇದನ್ನು ತಿರುವುಮುರುವಾಗಿಸಿದನು. ಸ್ವಾತಂತ್ರ್ಯವಿರುವಲ್ಲಿ ಬಣಗಳು ಇದ್ದೇ ಇರುತ್ತವೆ. ಚಿಕ್ಕ ನಾಡಿನಲ್ಲಿ ಒಂದು ಬಣ ಸುಲಭವಾಗಿ ಬಹುಮತ ಗಳಿಸಿ ಉಳಿದವರನ್ನು ತುಳಿಯಬಲ್ಲದು. ವಿಶಾಲ ಗಣರಾಜ್ಯದಲ್ಲಿಯಾದರೆ ಹಿತಾಸಕ್ತಿಗಳೂ ಮತಪಂಥಗಳೂ ಹಲವಾಗಿ ಅಂಥ ಕೂಟ ಕಟ್ಟುವುದು ಕಷ್ಟವಾಗುತ್ತದೆ ಎಂಬುದು ಅವನ ತರ್ಕ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಬೇರ್ಪಡಿಸಿದರೆ ಸಾಲದು, ಒಂದು ಇನ್ನೊಂದರ ಅತಿಕ್ರಮವನ್ನು ತಡೆಯುವಂತಿರಬೇಕು. ಆಳುವವರ ಸದ್ಗುಣವನ್ನಷ್ಟೇ ನೆಚ್ಚಿಕೊಳ್ಳದೆ, ಅವರ ಮಹತ್ವಾಕಾಂಕ್ಷೆಯನ್ನೇ ಪರಸ್ಪರ ಕಾವಲಿಗೆ ನಿಲ್ಲಿಸುವ ವ್ಯವಸ್ಥೆಯಿದು.

ಹಕ್ಕುಗಳ ಪಟ್ಟಿ ಕಾಗದದ ಬೇಲಿಯಷ್ಟೇ ಎಂದು ಮೊದಲು ಭಾವಿಸಿದ್ದ ಮ್ಯಾಡಿಸನ್, ಜೆಫರ್ಸನ್ನನ ಪತ್ರಗಳಿಂದಲೂ ವಿರೋಧಿಗಳ ಒತ್ತಡದಿಂದಲೂ ನಿಲುವು ಬದಲಿಸಿ 1789ರ ಜೂನ್ 8ರಂದು ಕಾಂಗ್ರೆಸ್ಸಿನಲ್ಲಿ ತಾನೇ ತಿದ್ದುಪಡಿಗಳನ್ನು ಮಂಡಿಸಿದನು. ಅವುಗಳಲ್ಲಿ ಹತ್ತು 1791ರ ಡಿಸೆಂಬರ್ 15ರಂದು ಹಕ್ಕುಗಳ ಮಸೂದೆಯಾಗಿ ಸ್ಥಿರಪಟ್ಟವು. ಅಂತಃಸಾಕ್ಷಿ, ಪತ್ರಿಕಾ ಸ್ವಾತಂತ್ರ್ಯ, ನ್ಯಾಯದರ್ಶಿ ಮಂಡಳಿಯ ವಿಚಾರಣೆ ಇವುಗಳನ್ನು ರಾಜ್ಯಗಳೂ ಉಲ್ಲಂಘಿಸಬಾರದೆಂಬ ತಿದ್ದುಪಡಿ ಅವನಿಗೆ ಎಲ್ಲಕ್ಕಿಂತ ಅಮೂಲ್ಯವಾಗಿತ್ತು. ಸೆನೆಟ್ ಅದನ್ನೇ ಕೈಬಿಟ್ಟಿತು.

1809ರಿಂದ 1817ರವರೆಗೆ ಅವನು ಅಧ್ಯಕ್ಷನಾಗಿದ್ದನು. 1812ರಲ್ಲಿ ಬ್ರಿಟನ್ನಿನೊಡನೆ ಆರಂಭವಾದ ಯುದ್ಧದಲ್ಲಿ, 1814ರ ಆಗಸ್ಟಿನಲ್ಲಿ, ಶತ್ರುಸೇನೆ ಅಧ್ಯಕ್ಷ ಭವನವನ್ನೇ ಸುಟ್ಟಿತು. ಅಂಥ ಸಂಕಟದಲ್ಲಿಯೂ ತನ್ನನ್ನು ಹೀಯಾಳಿಸುತ್ತಿದ್ದ ಪತ್ರಿಕೆಗಳ ಬಾಯಿ ಮುಚ್ಚಿಸಲು ಅವನು ಕಾನೂನು ತರಲಿಲ್ಲ.

ಇಂಥ ಚಿಂತಕನ ಮನೆಯಲ್ಲಿ ನೂರಕ್ಕೂ ಹೆಚ್ಚು ಗುಲಾಮರಿದ್ದರು. 1783ರಲ್ಲಿ ತನ್ನ ಗುಲಾಮ ಬಿಲ್ಲಿಯನ್ನು ಅವನು ವರ್ಜೀನಿಯಾಕ್ಕೆ ಮರಳಿ ಕರೆದೊಯ್ಯದೆ, ಅವಧಿ ಮುಗಿದ ಮೇಲೆ ಬಿಡುಗಡೆ ದೊರೆಯುವಂತೆ ಪೆನ್ಸಿಲ್ವೇನಿಯಾದಲ್ಲಿಯೇ ಬಿಟ್ಟನು. ಬಿಳಿಯರು ರಕ್ತ ಸುರಿಸಿ ಗಳಿಸಿದ ಸ್ವಾತಂತ್ರ್ಯವನ್ನೇ ಬಯಸಿದ್ದಕ್ಕಾಗಿ ಒಬ್ಬನನ್ನು ಶಿಕ್ಷಿಸುವುದು ಹೇಗೆಂದು ತಂದೆಗೆ ಬರೆದ ಪತ್ರದಲ್ಲಿ ಅವನೇ ಒಪ್ಪಿಕೊಂಡಿದ್ದನು. ಆದರೆ 1836ರ ಜೂನ್ 28ರಂದು ತೀರಿಕೊಂಡಾಗ ತನ್ನ ಉಯಿಲಿನಲ್ಲಿ ಒಬ್ಬ ಗುಲಾಮನಿಗೂ ಬಿಡುಗಡೆ ಕೊಟ್ಟಿರಲಿಲ್ಲ. ಬಹುಮತ ಅಲ್ಪಮತವನ್ನು ತುಳಿಯದಂತೆ ಅವನು ಕಟ್ಟಿದ ಕಟ್ಟೆಯೊಳಗೆ ಮತವೇ ಇಲ್ಲದವರಿಗೆ ಸ್ಥಳವಿರಲಿಲ್ಲ. ಅವನು ಬಗೆಹರಿಸದೆ ಬಿಟ್ಟ ಈ ಪ್ರಶ್ನೆಯೇ 1861ರಲ್ಲಿ ಅಂತರ್ಯುದ್ಧಕ್ಕೆ ಕಾರಣವಾಯಿತು. ಆ ಯುದ್ಧದ ಫಲವಾಗಿ 1868ರಲ್ಲಿ ಬಂದ ಹದಿನಾಲ್ಕನೆಯ ತಿದ್ದುಪಡಿಯ ಆಧಾರದಿಂದಲೇ 20ನೆಯ ಶತಮಾನದ ನ್ಯಾಯಾಲಯಗಳು ಹಕ್ಕುಗಳ ಮಸೂದೆಯ ಬಹುಭಾಗವನ್ನು ರಾಜ್ಯಗಳಿಗೂ ಅನ್ವಯಿಸಿದವು. 1789ರಲ್ಲಿ ಮ್ಯಾಡಿಸನ್ ಕಳೆದುಕೊಂಡದ್ದು ಹೀಗೆ ಅಪಾರ ರಕ್ತಪಾತದ ನಂತರ ದೊರೆಯಿತು.

ಅವನು ಎತ್ತಿದ ಪ್ರಶ್ನೆ ಭಾರತದ ಸಂವಿಧಾನ ರಚನೆಯಲ್ಲಿಯೂ ಎದುರಾಯಿತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್ ಅವರು 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರೊಡನೆ ಸಮಾಲೋಚಿಸಿದರು. ಮ್ಯಾಡಿಸನ್ನನ ಐದನೆಯ ತಿದ್ದುಪಡಿಯಲ್ಲಿದ್ದ ನ್ಯಾಯೋಚಿತ ಪ್ರಕ್ರಿಯೆಯ ಖಾತರಿ ಚುನಾಯಿತ ಶಾಸಕಾಂಗದ ಮೇಲೆ ನ್ಯಾಯಾಧೀಶರಿಗೆ ಮಿತಿಮೀರಿದ ಅಧಿಕಾರ ಕೊಡುತ್ತದೆಂಬ ಅಭಿಪ್ರಾಯ ಅಲ್ಲಿ ವ್ಯಕ್ತವಾಯಿತು. ನಮ್ಮ 21ನೆಯ ವಿಧಿಯಲ್ಲಿ ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನವೆಂಬ ಸೀಮಿತ ನುಡಿ ಸೇರಿತು. 1978ರಲ್ಲಿ ಮನೇಕಾ ಗಾಂಧಿ ಮೊಕದ್ದಮೆಯಲ್ಲಿ ಆ ಕಾರ್ಯವಿಧಾನವು ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ವ್ಯಾಖ್ಯಾನಿಸಿ, ಬಹುಮತದ ಕಾನೂನಿಗೂ ಮಿತಿಯುಂಟೆಂಬ ವಿಚಾರವನ್ನು ಮತ್ತೆ ಎತ್ತಿಹಿಡಿಯಿತು.